ಮಸ್ಜಿದ್ ಸ್ಟೇಷನ್ನಿನ ಸಿನಗಾಗ್

ಇವತ್ತು ಬೆಳಿಗ್ಗೆ ಈ ಬಾನುಲಿ ಕೇಂದ್ರ ಕಣ್ಣು ಬಿಟ್ಟಾಗ ನಿಮ್ಮ ಕಿವಿಗೆ ಮೊದಲು ಬಿದ್ದದ್ದು ಏನು, ಸ್ವಲ್ಪ ನೆನಪು ಮಾಡಿಕೊಳ್ಳಿ. ಮಾತಲ್ಲ, ಹಾಡೂ ಅಲ್ಲ. ಹಿಂದೆ ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲಿನ ಒಂದು ಸಣ್ಣ ಎಳೆ. ಆಕಾಶವಾಣಿಯ ಸಂಕೇತ ಸಂಗೀತ. ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಪಕ್ಕದ ಮನೆಯ ರೇಡಿಯೋದಲ್ಲಿ ಆ ಪಿಟೀಲು ಕೇಳಿದ ಮೇಲೆಯೇ ನಮ್ಮಮ್ಮ ಬಚ್ಚಲ ಒಲೆಗೆ ಮಡಲು ತುರುಕುತ್ತಿದ್ದದ್ದು.

ಆ ಎಳೆಯನ್ನು ಹೆಣೆದವನ ಹೆಸರು ವಾಲ್ಟರ್ ಕೌಫ್‌ಮನ್. 1907ರಲ್ಲಿ ಬೊಹೆಮಿಯಾದ ಕಾರ್ಲ್ಸ್‌ಬಾಡ್‌ನಲ್ಲಿ, ಅಂದರೆ ಈಗಿನ ಚೆಕ್ ದೇಶದಲ್ಲಿ, ಹುಟ್ಟಿದ ಯಹೂದಿ. ಜರ್ಮನಿಯಲ್ಲಿ ಹಿಟ್ಲರ್ ಗದ್ದುಗೆ ಏರಿದ ಮಾರನೆಯ ವರ್ಷ, 1934ರಲ್ಲಿ, ಹಡಗು ಹತ್ತಿ ಮುಂಬಯಿಗೆ ಬಂದ. ಮೊದಲ ಸಲ ನಮ್ಮ ಸಂಗೀತ ಕೇಳಿದಾಗ ಅವನಿಗೆ ತಲೆಬುಡ ಗೊತ್ತಾಗಲಿಲ್ಲವಂತೆ. ಬೇರೆ ಯಾರಾದರೂ ಆಗಿದ್ದರೆ ಇದು ನಮಗಲ್ಲ ಎಂದು ಎದ್ದು ಹೋಗುತ್ತಿದ್ದರು. ಇವನು ಕೂತು ಕಲಿತ, ಮುಂಬಯಿ ರೇಡಿಯೋದ ಸಂಗೀತ ವಿಭಾಗಕ್ಕೆ ಮುಖ್ಯಸ್ಥನಾದ, ಶಿವರಂಜನಿ ರಾಗದ ನೆರಳಿರುವ ಆ ಪುಟ್ಟ ಮಟ್ಟನ್ನು ನಮಗೆ ಕೊಟ್ಟ. 1946ರಲ್ಲಿ ಭಾರತ ಬಿಟ್ಟ, ಆಮೇಲೆ ಕೆನಡಾ, ಅಮೆರಿಕ. ಅವನು ಹೋದರೂ ರಾಗ ಹೋಗಲಿಲ್ಲ. ಇನ್ನೊಂದು ಸಂಗತಿ ನಿಮಗೆ ಗೊತ್ತೇ ಇದೆ: ಆಕಾಶವಾಣಿ ಎನ್ನುವುದು ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದ ಹೆಸರು. ಹೆಸರು ಮೈಸೂರಿನದು, ರಾಗ ನೆಲೆ ತಪ್ಪಿ ಬಂದ ಯಹೂದಿಯದು. ಎರಡೂ ಕೂಡಿ ನಮ್ಮ ಬೆಳಗಾಯಿತು.

ಯಹೂದಿಯೊಬ್ಬನ ಮಾತೆತ್ತಿದರೂ ನಾನು ವಿದ್ವಾಂಸನಲ್ಲ. ಭಾನುವಾರಗಳಂದು ಮುಂಬಯಿಯ ಹಳೆಯ ಯಹೂದಿ ಕೇರಿಗಳಲ್ಲಿ ಜನರನ್ನು ನಡೆಸಿಕೊಂಡು ಹೋಗಿ ತೋರಿಸುವವನು. ಶನಿವಾರ ಯಾಕೆ ಇಲ್ಲ ಎಂದರೆ, ಶನಿವಾರ ಅವರ ಸಬ್ಬತ್ತು, ಕೆಲಸ ಬಿಡುವ ದಿನ. ಅವರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಪ್ರಾರ್ಥನೆ ಇರುತ್ತದೆ, ನೋಡಲು ಬರುವವರ ಕಾಟ ಅವರಿಗೆ ಬೇಡ. ಈ ಕೆಲಸಕ್ಕೆ ನಾನು ಹೇಗೆ ಬಿದ್ದೆ ಎಂದು ಎಲ್ಲರೂ ಕೇಳುತ್ತಾರೆ. ನಮ್ಮ ಊರಿನ ಎಲ್ಲ ಹುಡುಗರೂ ಬಿದ್ದ ಹಾಗೆಯೇ, ಹೊಟೇಲಿನ ದಾರಿಯಿಂದ.

ಹದಿನಾಲ್ಕು ವರ್ಷಕ್ಕೆ ಬಸ್ಸು ಹತ್ತಿ ಬಂದು ಕೋಟೆ ಭಾಗದ ಒಂದು ಉಡುಪಿ ಹೊಟೇಲಿಗೆ ಸೇರಿದೆ. ಹಗಲು ಕಪ್ಪು ಬಶಿ ಎತ್ತುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಹೊಟೇಲಿನಿಂದ ಎರಡು ತಿರುವು ಆಚೆ ಒಂದು ದೊಡ್ಡ ನೀಲಿ ಕಟ್ಟಡ. ನಾವು ಮಾಣಿಗಳು ಅದಕ್ಕೆ ನೀಲಿ ಚರ್ಚು ಎನ್ನುತ್ತಿದ್ದೆವು. ಶಿಲುಬೆ ಇಲ್ಲದ ಚರ್ಚು ಯಾವುದು ಎಂದು ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಂದ ಒಬ್ಬ ಮುದುಕರು ದಿನಾ ನಮ್ಮ ಹೊಟೇಲಿಗೆ ಬರುತ್ತಿದ್ದರು. ಶುದ್ಧ ಮರಾಠಿ, ತಲೆಯ ಮೇಲೆ ಕಪ್ಪು ಟೊಪ್ಪಿ, ಕೊನೆಗೆ ‘ಕರ್’ ಬರುವ ಅಡ್ಡಹೆಸರು. ಶನಿವಾರ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದೆ, ಬೇರೆ ಹೊಟೇಲಿಗೆ ಯಾಕೆ ಹೋಗುವುದಿಲ್ಲ ಕಾಕಾ, ಅಂತ. ಅವರು ಹೇಳಿದರು: “ಬಾಳಾ, ನಮ್ಮಲ್ಲಿ ಮಾಂಸ ಹಾಲು ಒಟ್ಟಿಗೆ ಸೇರಬಾರದು. ಕೊಯ್ದ ಕ್ರಮ ಸರಿಯಿಲ್ಲದ ಮಾಂಸ ತಿನ್ನಬಾರದು. ಪಾತ್ರೆ ಬೇರೆ, ಒಲೆ ಬೇರೆ. ನಿಮ್ಮ ಭಟ್ಟರ ಅಡಿಗೆಮನೆಯಲ್ಲಿ ಮಾಂಸವೇ ಇಲ್ಲ, ಹಾಗಾಗಿ ನನಗೆ ಚಿಂತೆಯೂ ಇಲ್ಲ.”

ಮಡಿ ಮೈಲಿಗೆಯ ಊರಿನಿಂದ ಬಂದ ನನಗೆ ಆ ಮಾತು ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. ಯಹೂದಿ ಎಂದರೆ ಯಾರು ಎಂಬ ನನ್ನ ಮೊದಲ ಪಾಠ ಆದದ್ದು ಹಾಗೆ, ಇಡ್ಲಿ ಸಾಂಬಾರಿನ ಮೇಜಿನಲ್ಲಿ.

ಈಗ ಬರುವ ಹೆಚ್ಚಿನವರಿಗೆ ಆ ನೀಲಿ ಕಟ್ಟಡವೇ ಬೇಕು. ಅದರ ಹೆಸರು ಕನೆಸೆತ್ ಎಲಿಯಾಹೂ. ಕಾಳಾ ಘೋಡಾದಲ್ಲಿದೆ, ಫೋಟೋ ಚೆನ್ನಾಗಿ ಬರುತ್ತದೆ, ಎದುರಿಗೆ ಕಾಫಿ ಸಿಗುತ್ತದೆ. ನಾನು ಅಲ್ಲಿಂದ ಶುರುಮಾಡುವುದಿಲ್ಲ. ಎಲ್ಲರನ್ನೂ ಲೋಕಲ್ ಟ್ರೇನಿಗೆ ಹತ್ತಿಸಿ, ದೊಡ್ಡ ಸ್ಟೇಷನ್ನಿನಿಂದ ಒಂದೇ ನಿಲ್ದಾಣ ಆಚೆ ಇಳಿಸುತ್ತೇನೆ. ಫಲಕದಲ್ಲಿ ಏನು ಬರೆದಿದೆ ಓದಿ ಎನ್ನುತ್ತೇನೆ. ಮಸ್ಜಿದ್ ಎಂದು ಬರೆದಿದೆ. ಯಹೂದಿಗಳನ್ನು ತೋರಿಸುತ್ತೇನೆಂದು ಮಸೀದಿಗೆ ಕರೆತಂದನಲ್ಲ ಈ ಮನುಷ್ಯ ಎಂದು ಕೆಲವರು ಮುಖ ಮುಖ ನೋಡಿಕೊಳ್ಳುತ್ತಾರೆ. ನನಗೆ ಅದೇ ಬೇಕು.

ಸ್ಟೇಷನ್ನಿನಿಂದ ಹೊರಬಿದ್ದರೆ ಕೈಗಾಡಿ, ತಲೆಹೊರೆ ಹೊರುವ ಮಾಥಾಡಿಗಳು, ಗೋಣಿ, ಒಣಹಣ್ಣಿನ ವಾಸನೆ. ಸಗಟು ವ್ಯಾಪಾರದ ಆ ನೂಕುನುಗ್ಗಲಿನಲ್ಲಿ ಹೆಗಲು ತಾಗಿಸಿಕೊಂಡೇ ನಡೆಯಬೇಕು. ಬೀದಿಯ ಹೆಸರು ಸ್ಯಾಮುಯೆಲ್ ಸ್ಟ್ರೀಟ್. ಅಲ್ಲಿ ಒಂದು ಸಾಧಾರಣ ಕಟ್ಟಡ, ಗೊತ್ತಿಲ್ಲದವರು ನೂರು ಸಲ ಅದರ ಮುಂದೆ ಹಾದುಹೋದರೂ ತಲೆ ಎತ್ತಲಾರರು. ಶಾರ್ ಹಾರಹಮೀಮ್, ಅಂದರೆ ಕರುಣೆಯ ಬಾಗಿಲು. 1796ರಲ್ಲಿ ಸ್ಥಾಪನೆಯಾದ, ಮುಂಬಯಿಯ ಅತ್ಯಂತ ಹಳೆಯ ಸಿನಗಾಗ್. ಈಗಿರುವ ಜಾಗಕ್ಕೆ ಬಂದದ್ದು 1860ರಲ್ಲಿ. ಕೊಂಕಣದ ಯಹೂದಿಗಳು ತಮ್ಮ ಮರಾಠಿಯಲ್ಲಿ ಸಿನಗಾಗಿಗೂ ಮಶೀದ್ ಎಂದೇ ಹೇಳುತ್ತಿದ್ದರು; ಇದು ಜುನಿ ಮಶೀದ್, ಹಳೆಯ ಮಸೀದಿ. ಸ್ಟೇಷನ್ನಿಗೆ ಹೆಸರು ಬಂದದ್ದು ಇದರಿಂದಲೇ ಎಂದು ಆ ಸಮುದಾಯದ ಹಿರಿಯರು ಹೇಳುತ್ತಾರೆ.

ಕಟ್ಟಿಸಿದವನು ಸ್ಯಾಮುಯೆಲ್ ಎಜಕಿಯಲ್ ದಿವೇಕರ್. ಊರವರ ಬಾಯಲ್ಲಿ ಸಾಮಾಜಿ ಹಸಾಜಿ. ಕಂಪನಿ ಸರಕಾರದ ಮುಂಬಯಿ ಸೈನ್ಯದಲ್ಲಿದ್ದವನು. ಇಲ್ಲಿಗೆ ಬರುವ ಕನ್ನಡಿಗರು ಕಿವಿ ನಿಮಿರಿಸುವುದು ಇನ್ನು ಮುಂದೆ: ಎರಡನೆಯ ಮೈಸೂರು ಯುದ್ಧದಲ್ಲಿ ಈತ ಟಿಪ್ಪು ಸುಲ್ತಾನನ ಸೆರೆಗೆ ಸಿಕ್ಕ. ಬೆನೆ ಇಸ್ರೇಲಿಗಳ, ಅಂದರೆ ಈ ಕೊಂಕಣದ ಯಹೂದಿಗಳ, ಮನೆಗಳಲ್ಲಿ ಅಜ್ಜಿಯರು ಹೇಳಿಕೊಂಡು ಬಂದ ಕಥೆ ಹೀಗಿದೆ. ಸೆರೆಯಾಳುಗಳನ್ನು ಸಾಲಾಗಿ ನಿಲ್ಲಿಸಿ ನೀನು ಯಾವ ಮತದವನು ಎಂದು ಕೇಳಲಾಯಿತು. ಇವನು, ಬೆನೆ ಇಸ್ರೇಲ್ ಎಂದ. ಸುಲ್ತಾನನಿಗೆ ಅದೇನೆಂದು ಗೊತ್ತಾಗಲಿಲ್ಲ. ಪರದೆಯ ಹಿಂದಿದ್ದ ತಾಯಿ, ಮಗನೆ, ಈ ಹೆಸರು ಕುರಾನಿನಲ್ಲಿದೆ, ಆ ಜನರನ್ನು ನಾನು ಕಂಡೇ ಇಲ್ಲ, ಇವನನ್ನು ಕೊಲ್ಲಬೇಡ ಎಂದಳು. ಜೀವ ಉಳಿಯಿತು. ಬಿಡುಗಡೆಯಾಗಿ ಮುಂಬಯಿಗೆ ಮರಳಿದವನು ಹರಕೆ ತೀರಿಸಲು ಸಿನಗಾಗ್ ಕಟ್ಟಿಸಿದ.

ಸೆರೆಯೂ ಕಟ್ಟಡವೂ ದಾಖಲೆ. ಪರದೆಯ ಹಿಂದಿನ ತಾಯಿ ಕಥೆ. ಇದನ್ನು ನಾನು ಪ್ರತಿಸಲ ಬಿಡಿಸಿ ಹೇಳುತ್ತೇನೆ. ಹೇಳದೇ ಇದ್ದರೆ ಚಪ್ಪಾಳೆ ಜಾಸ್ತಿ ಬೀಳುತ್ತದೆ, ಅದು ಬೇರೆ ಮಾತು. ಒಮ್ಮೆ ಮಂಡ್ಯದ ಕಡೆಯ ಇಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ಒಬ್ಬರು, ಈ ಲೆಕ್ಕದಲ್ಲಿ ಟಿಪ್ಪು ಒಳ್ಳೆಯವನೋ ಕೆಟ್ಟವನೋ ಹೇಳಿಬಿಡಿ ಸ್ವಾಮಿ ಎಂದರು. ಹಿಡಿದವನೂ ಅವನೇ ಬಿಟ್ಟವನೂ ಅವನೇ, ಕಥೆಯಲ್ಲಿ ಓದಿದವಳು ಅವನ ತಾಯಿ ಎಂದೆ. ಇನ್ನೊಬ್ಬರು ಮಾತಾಡಲಿಲ್ಲ, ಗೋಡೆಗೆ ಕೈ ಇಟ್ಟು ನಿಂತೇ ಇದ್ದರು. ಆಮೇಲೆ, ನಮ್ಮ ಸೀಮೆಯ ಜೈಲಿನಿಂದ ಹೊರಟ ಹರಕೆ ಇಲ್ಲಿಗೆ ಬಂದು ಮುಟ್ಟಿತೇ ಅಂದರು. ದಿವೇಕರನಿಗೆ ತನ್ನ ಸಿನಗಾಗನ್ನು ಹೆಚ್ಚು ದಿನ ನೋಡುವ ಯೋಗ ಇರಲಿಲ್ಲ. ಯಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ತರಲೆಂದು ಕೊಚ್ಚಿಗೆ ಹೋದವನು 1797ರಲ್ಲಿ ಅಲ್ಲೇ ತೀರಿಹೋದ.

ಒಳಗೆ ಹೋಗುವಾಗ ತಲೆ ಮುಚ್ಚಿಕೊಳ್ಳಬೇಕು. ಟೊಪ್ಪಿ ಇಲ್ಲದವರಿಗೆ ಅಲ್ಲೇ ಕೊಡುತ್ತಾರೆ, ಕರವಸ್ತ್ರವಾದರೂ ಆಗುತ್ತದೆ. ಮೂರ್ತಿ ಇಲ್ಲ, ಚಿತ್ರ ಇಲ್ಲ. ಪಶ್ಚಿಮದ ಗೋಡೆಯಲ್ಲಿ ಪರದೆ ಇಳಿಬಿಟ್ಟ ಒಂದು ಕಪಾಟು, ಅದರೊಳಗೆ ತೋರಾದ ಸುರುಳಿಗಳು. ಪಶ್ಚಿಮ ಯಾಕೆಂದರೆ ಮುಂಬಯಿಯಿಂದ ಜೆರುಸಲೇಮ್ ಆ ಕಡೆ. ನಡುವೆ ಮರದ ಕಟಕಟೆಯ ವೇದಿಕೆ, ಓದುವುದು ಅಲ್ಲಿಂದ. ಮೇಲೆ ಹೆಂಗಸರ ಉಪ್ಪರಿಗೆ. ಮಾಡಿನಿಂದ ಇಳಿಬಿದ್ದ ಗಾಜಿನ ಹಣತೆಗಳು. ಎಣ್ಣೆಯ ವಿಚಾರ ಬಂದಾಗ ನಾನು ಸ್ವಲ್ಪ ಹೊತ್ತು ಕೂರುತ್ತೇನೆ, ಕಾಲು ನೋವಿಗೂ ಆಯಿತು, ಕಥೆಗೂ ಆಯಿತು.

ಯಾಕೆಂದರೆ ಈ ಜನ ಎಣ್ಣೆಯವರು. ಎರಡು ಸಾವಿರ ವರ್ಷದ ಹಿಂದೆ ಅಲಿಬಾಗಿನ ಹತ್ತಿರ ನವಗಾಂವ್ ಎಂಬಲ್ಲಿ ಹಡಗು ಒಡೆಯಿತು, ಏಳು ಗಂಡಸರು ಏಳು ಹೆಂಗಸರು ದಡ ಸೇರಿದರು, ಪುಸ್ತಕವೆಲ್ಲ ಕಡಲಿಗೆ ಹೋಯಿತು ಎಂದು ಅವರ ನಂಬಿಕೆ. ಅವರು ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿದರು. ಶನಿವಾರ ಮಾತ್ರ ಎತ್ತು ಬಿಚ್ಚಿ ಸುಮ್ಮನೆ ಕೂರುತ್ತಿದ್ದರು. ಪ್ರಾರ್ಥನೆಯ ಹೀಬ್ರೂ ಮರೆತಿತ್ತು, ಒಂದೆರಡು ಮಾತು ಮಾತ್ರ ನಾಲಿಗೆಯಲ್ಲಿ ಉಳಿದಿತ್ತು. ಆದರೆ ಶನಿವಾರ ಮರೆಯಲಿಲ್ಲ. ಊರವರು ಅವರಿಗೆ ಶನಿವಾರ್ ತೇಲಿ ಎಂದು ಹೆಸರಿಟ್ಟರು, ಶನಿವಾರದ ಗಾಣಿಗರು. ಧರ್ಮವನ್ನು ನೆನಪಿಡಲು ಪುಸ್ತಕವೇ ಬೇಕೆಂದಿಲ್ಲ, ಮಾಡದೆ ಬಿಟ್ಟ ಒಂದು ದಿನದ ಕೆಲಸವೂ ಸಾಕಾಗುತ್ತದೆ ಎನ್ನುವುದು ನನಗೆ ಈಗಲೂ ವಿಚಿತ್ರವಾಗಿ ತೋರುತ್ತದೆ. ಮುಂದೆ ದಾವೀದ್ ರಹಾಬಿ ಎಂಬವನು ಬಂದು ಇವರ ಆಚಾರ ಗುರುತಿಸಿ, ಮರೆತದ್ದನ್ನು ಕಲಿಸಿದ ಎಂದು ಹೇಳುತ್ತಾರೆ. ಹಳ್ಳಿಯ ಹೆಸರೇ ಮನೆತನದ ಹೆಸರಾಯಿತು. ಪೇಣದವರು ಪೇಣಕರ್, ರೋಹೆಯವರು ರೋಹೇಕರ್, ಕಿಹೀಮ್‌ನವರು ಕೆಹೀಮ್‌ಕರ್.

ಹದಿನೆಂಟನೆಯ ಶತಮಾನದಲ್ಲಿ ಅವರು ಮುಂಬಯಿಗೆ ಬರತೊಡಗಿದರು. ಸೈನ್ಯ, ರೈಲ್ವೆ, ಸರಕಾರಿ ಕಚೇರಿ, ಆಸ್ಪತ್ರೆ. ಹೆಂಗಸರು ಶಿಕ್ಷಕಿಯರು, ದಾದಿಯರು. ನಾನು ಇದನ್ನು ಹೇಳುವಾಗ ಗುಂಪಿನಲ್ಲಿ ಯಾರಾದರೂ ದಕ್ಷಿಣ ಕನ್ನಡದವರಿದ್ದರೆ ನಗುತ್ತಾರೆ. ಊರಿನ ಹೆಸರನ್ನು ತಲೆಯ ಮೇಲೆ ಹೊತ್ತು ಮುಂಬಯಿಗೆ ಬರುವುದು ನಮಗೇನು ಹೊಸದೇ?

ಅವರ ಮಲಿದಾ ಎಂಬ ಪೂಜೆಯನ್ನು ನಾನು ಒಮ್ಮೆ ನೋಡಿದ್ದೇನೆ. ಪೂಜೆ ಎನ್ನಬಾರದು, ಆದರೂ ನನ್ನ ಬಾಯಿಗೆ ಅದೇ ಬರುತ್ತದೆ. ತಟ್ಟೆಯಲ್ಲಿ ನೆನೆಸಿದ ಅವಲಕ್ಕಿ, ಅದಕ್ಕೆ ತೆಂಗಿನತುರಿ ಸಕ್ಕರೆ, ಮೇಲೆ ಹಣ್ಣು. ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹೀಬ್ರೂ ಹಾಡು. ಮದುವೆಗೆ ಮೊದಲು, ಹರಕೆ ತೀರಿದಾಗ, ಹೊಸ ಮನೆಗೆ ಹೋದಾಗ ಮಾಡುತ್ತಾರೆ. ಜಗತ್ತಿನ ಬೇರೆ ಯಹೂದಿಗಳಿಗೆ ಇದು ಗೊತ್ತಿಲ್ಲ. ಪ್ರಸಾದ ಕೈಗೆ ಬಿದ್ದಾಗ ನನಗೆ ಊರಿನ ಗಣಹೋಮದ ಅವಲಕ್ಕಿ ನೆನಪಾಯಿತು. ಒಂದು ಕಾಲದಲ್ಲಿ ಅವರು ಮರಾಠಿಯಲ್ಲಿ ಕೀರ್ತನೆಯನ್ನೂ ಮಾಡುತ್ತಿದ್ದರು. ಹರಿಕಥೆಯ ಮಟ್ಟಿನಲ್ಲಿ ಅಬ್ರಹಾಮ, ಯೋಸೇಫರ ಕಥೆ.

ಇಲ್ಲಿಂದ ಬಾಯ್ಕಳಾಕ್ಕೆ. ಈ ಎರಡು ಕೇರಿಗಳ ನಡುವೆ ದೂರ ಹೆಚ್ಚಿಲ್ಲ, ಟ್ಯಾಕ್ಸಿಯಲ್ಲಿ ಹದಿನೈದು ನಿಮಿಷ. ಆದರೆ ಯಹೂದಿಗಳೇ ಬೇರೆ. ಇವರು ಬಾಗ್ದಾದಿಗಳು.

ಡೇವಿಡ್ ಸಸೂನ್ ಬಾಗ್ದಾದಿನ ದೊಡ್ಡ ಮನೆತನದವನು, ಹುಟ್ಟಿದ್ದು 1792ರಲ್ಲಿ. ಅಲ್ಲಿಯ ಪಾಷಾನ ಕಿರುಕುಳ ತಾಳಲಾರದೆ ಓಡಿ, ಪರ್ಶಿಯಾ ಕೊಲ್ಲಿಯ ಬುಶೆಹರ್‌ನಲ್ಲಿ ಕೆಲವು ವರ್ಷ ತಂಗಿ, 1832ರಲ್ಲಿ ಮುಂಬಯಿಗೆ ಬಂದ. ಸಾಯುವ ಹೊತ್ತಿಗೆ, ಅಂದರೆ 1864ಕ್ಕೆ, ಅವನ ಮಕ್ಕಳು ಶಾಂಘೈ, ಹಾಂಗ್‌ಕಾಂಗ್, ಲಂಡನ್ನಿನಲ್ಲಿ ಗದ್ದಿಗೆ ಹಾಕಿ ಕೂತಿದ್ದರು. ಬಾಗ್ದಾದ್, ಬಸರಾ, ಅಲೆಪ್ಪೊಗಳ ಬಡ ಯಹೂದಿಗಳಿಗೆ ಸಸೂನರ ಗೋದಾಮು, ಗಿರಣಿಗಳೇ ಅನ್ನ. ಅವರ ಶಾಲೆ, ಅವರ ಆಸ್ಪತ್ರೆ, ಅವರ ಸಿನಗಾಗ್. ಬಾಯ್ಕಳಾದ ಮಾಗೆನ್ ಡೇವಿಡ್ 1861ರದು. ಅದರ ಗಡಿಯಾರ ಗೋಪುರ ನೋಡಿದವರು ಇದೂ ಚರ್ಚೇ ಎನ್ನುತ್ತಾರೆ. ನನ್ನ ಮಾಣಿತನದ ತಪ್ಪು ನನ್ನೊಬ್ಬನದೇ ಅಲ್ಲ ಎಂದು ಸಮಾಧಾನ.

ಸಸೂನರ ದುಡ್ಡು ಎಲ್ಲಿಂದ ಬಂತು? ಹತ್ತಿ, ನೂಲು, ಬಟ್ಟೆ. ಜೊತೆಗೆ ಅಫೀಮು. ಮಾಳವದ ಅಫೀಮು ಮುಂಬಯಿ ಬಂದರಿನಿಂದ ಚೀನಾಕ್ಕೆ ಹೋಗುತ್ತಿತ್ತು, ಆ ವ್ಯಾಪಾರದಲ್ಲಿ ಸಸೂನರು ಎಲ್ಲರನ್ನೂ ಮೀರಿಸಿದ್ದರು. ಪಾರ್ಸಿ ಸೇಟರೂ ಇದ್ದರು, ಗುಜರಾತಿಗಳೂ ಇದ್ದರು, ಬ್ರಿಟಿಷರಂತೂ ಇದ್ದೇ ಇದ್ದರು. ಗೈಡುಗಳು ಇದನ್ನು ನುಂಗಿಕೊಳ್ಳುತ್ತಾರೆ. ನಾನೂ ಮೊದಮೊದಲು ನುಂಗುತ್ತಿದ್ದೆ, ದಾನಿಯ ಕಟ್ಟಡದಲ್ಲಿ ನಿಂತು ದಾನಿಯ ಗಂಟನ್ನು ಬಿಚ್ಚುವುದು ಸಭ್ಯತೆಯಲ್ಲ ಎಂದು. ಈಗ ಹೇಳುತ್ತೇನೆ. ಕಾಳಾ ಘೋಡಾದ ಡೇವಿಡ್ ಸಸೂನ್ ಗ್ರಂಥಾಲಯದ ಉಪ್ಪರಿಗೆಯಲ್ಲಿ, ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಮಧ್ಯಾಹ್ನ ನಿದ್ದೆ ಹೋಗುವ ಸದಸ್ಯರ ನಡುವೆ ನಿಂತು, ಪಿಸುಮಾತಿನಲ್ಲಿ. 1870ರಲ್ಲಿ ಮುಗಿದ ಆ ಹಳದಿ ಕಲ್ಲಿನ ಕಟ್ಟಡಕ್ಕೆ ಸಸೂನ್ ಕೊಟ್ಟದ್ದು 60,000 ರೂಪಾಯಿ. ಕೆಳಗೆ ಅವನ ಅಮೃತಶಿಲೆಯ ಪ್ರತಿಮೆ ಇದೆ: ಮುಂಡಾಸು, ನಿಲುವಂಗಿ, ಗಡ್ಡ. ಬ್ರಿಟಿಷ್ ಪ್ರಜೆಯಾದರೂ ಆತ ಕೊನೆಯವರೆಗೂ ಬಾಗ್ದಾದಿನ ಉಡುಪು ಬಿಡಲಿಲ್ಲ. ಮಕ್ಕಳು ಕೋಟು ಹಾಕಿ ಸರ್ ಪದವಿ ಹಿಡಿದರು.

ಇನ್ನೊಂದು ಮುಜುಗರದ ಮಾತೂ ಇದೆ. ಬಾಗ್ದಾದಿಗಳಿಗೆ ಬೆನೆ ಇಸ್ರೇಲಿಗಳೊಡನೆ ಒಂದೇ ಪಂಕ್ತಿ ಬೇಡವಾಗಿತ್ತು. ಇವರು ಕಪ್ಪು, ಮರಾಠಿ ಮಾತಾಡುತ್ತಾರೆ, ಇವರ ರಕ್ತ ಶುದ್ಧವೋ ಅಲ್ಲವೋ ಎಂಬ ಗುಸುಗುಸು. ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಸ್ಮಶಾನದಲ್ಲೂ ನಡುವೆ ಗೋಡೆ ಹಾಕಿಸಿಕೊಡಿ ಎಂದು ಸರಕಾರಕ್ಕೆ ಅರ್ಜಿ ಹಾಕಿದ್ದರು. ಬೆನೆ ಇಸ್ರೇಲಿಗಳೇನು ಕಡಿಮೆಯೇ? ಅವರೊಳಗೇ ಗೋರೆ ಮತ್ತು ಕಾಳೆ ಎಂದು ಎರಡು ಪಂಗಡ. ನನ್ನ ಜೊತೆ ಬಂದ ಒಬ್ಬ ಹುಡುಗಿ ಇದನ್ನು ಕೇಳಿ ಜೋರಾಗಿ ನಕ್ಕುಬಿಟ್ಟಳು. ಅಯ್ಯೋ ಮಾರಾಯ್ರೆ, ಇವರು ಪೂರ್ತಿ ಇಂಡಿಯನ್ ಆಗಿದ್ದರಲ್ಲ ಅಂದಳು. ನಗುವ ವಿಷಯ ಅಲ್ಲ, ಆದರೂ ನಾನೂ ನಕ್ಕೆ.

ಗೈಡಿನ ಸೋಲನ್ನೂ ಹೇಳಿಬಿಡುತ್ತೇನೆ. ಮಹಾಲಕ್ಷ್ಮಿಯ ಹತ್ತಿರ ಸಾತ್ ರಸ್ತಾ ಎಂಬ ವೃತ್ತವಿದೆ, ಹಳೆಯ ಹೆಸರು ಜೇಕಬ್ ಸರ್ಕಲ್. ಅಲ್ಲೇ ತಿಫೆರೆತ್ ಇಸ್ರೇಲ್ ಸಿನಗಾಗ್, ಸಮೀಪದ ಆಗ್ರಿಪಾಡಾದಲ್ಲಿ ಮಾಗೆನ್ ಹಸ್ಸೀದೀಮ್. ಬೆನೆ ಇಸ್ರೇಲಿಗಳು ತುಂಬಿದ್ದ ಪ್ರದೇಶ. ನಾನು ಮೂರು ವರ್ಷ ಸತತವಾಗಿ, ಇದು ಸರ್ ಜೇಕಬ್ ಸಸೂನನ ಹೆಸರು ಎಂದು ಗಂಭೀರವಾಗಿ ಹೇಳಿಕೊಂಡು ಬಂದೆ. ಒಂದು ದಿನ ಗುಂಪಿನಲ್ಲಿದ್ದ ಹಿರಿಯರೊಬ್ಬರು ಎಲ್ಲ ಮುಗಿದ ಮೇಲೆ ನನ್ನನ್ನು ಬದಿಗೆ ಕರೆದು, ಅದು ಲೆ ಗ್ರ್ಯಾಂಡ್ ಜೇಕಬ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಹೆಸರಪ್ಪ ಎಂದರು. ಎಲ್ಲರ ಮುಂದೆ ಹೇಳಲಿಲ್ಲ, ಅದು ಅವರ ದೊಡ್ಡತನ. ಈಗ ಅದೇ ವೃತ್ತದಲ್ಲಿ ನಿಂತು ನನ್ನ ತಪ್ಪನ್ನೇ ತೋರಿಸುತ್ತೇನೆ. ಹತ್ತಿರದ ಇ. ಮೋಸೆಸ್ ರಸ್ತೆ ಮಾತ್ರ ನಿಜಕ್ಕೂ ನಮ್ಮವರದೇ: ಡಾಕ್ಟರ್ ಎಲಿಜಾ ಮೋಸೆಸ್ ರಾಜಪುರಕರ್, 1937ರಲ್ಲಿ ಮುಂಬಯಿಯ ಮೇಯರ್ ಆದ ಬೆನೆ ಇಸ್ರೇಲಿ. ನಮ್ಮವರದೇ ಅಂದೆನೇ? ಹೌದು, ಹಾಗೇ ಅಭ್ಯಾಸವಾಗಿದೆ.

ಸಿನಿಮಾದ ವಿಷಯ ಎತ್ತಿದರೆ ಗುಂಪು ಚುರುಕಾಗುತ್ತದೆ. ನಮ್ಮ ದೇಶದ ಮೊದಲ ಮಾತಿನ ಚಿತ್ರ ‘ಆಲಂ ಆರಾ’, 1931ರದು, ಜೋಸೆಫ್ ಡೇವಿಡ್ ಎಂಬ ಬೆನೆ ಇಸ್ರೇಲಿಯ ನಾಟಕದಿಂದ ಬಂದದ್ದು. ಮೂಕಿ ಚಿತ್ರಗಳ ರಾಣಿ ಸುಲೋಚನಾ ಅಂದರೆ ರೂಬಿ ಮೈಯರ್ಸ್. ‘ಶ್ರೀ 420’ರ ನಾದಿರಾ ಬಾಗ್ದಾದಿ. ‘ಬೂಟ್ ಪಾಲಿಶ್’ನ ಜಾನ್ ಚಾಚಾ ಆಗಿ ಮಕ್ಕಳನ್ನು ಅಳಿಸಿ ನಗಿಸಿದ ಡೇವಿಡ್, ಪೂರ್ತಿ ಹೆಸರು ಡೇವಿಡ್ ಅಬ್ರಹಾಮ್ ಚೇವುಲಕರ್. ಮತ್ತೆ ‘ಕರ್’ ನೋಡಿ. ಹಿಂದೂ ಮುಸ್ಲಿಂ ಮನೆಗಳು ಹೆಣ್ಣುಮಕ್ಕಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಲು ಹೆದರುತ್ತಿದ್ದ ಕಾಲದಲ್ಲಿ ಯಹೂದಿ ಹುಡುಗಿಯರು ನಿಂತರು.

ನೀಲಿ ಕಟ್ಟಡಕ್ಕೆ ಕೊನೆಗೆ ಬರುತ್ತೇವೆ. ಡೇವಿಡ್ಡನ ಮಗ ಎಲಿಯಾಸ್ ಸಸೂನನ ನೆನಪಿಗೆ ಅವನ ಮಗ ಜೇಕಬ್ ಮತ್ತು ತಮ್ಮಂದಿರು 1884ರಲ್ಲಿ ಕಟ್ಟಿಸಿದ್ದು. ಬಾಗಿಲಲ್ಲಿ ಪೊಲೀಸ್ ಕಾವಲು, ಗುರುತಿನ ಚೀಟಿ ತೋರಿಸಬೇಕು. 2008ರ ನವೆಂಬರಿನಲ್ಲಿ ಕೊಲಾಬಾದ ಯಹೂದಿ ಕೇಂದ್ರವಾದ ನರಿಮನ್ ಹೌಸಿನ ಮೇಲೆ ನಡೆದ ಉಗ್ರರ ದಾಳಿ ಎಲ್ಲರಿಗೂ ಗೊತ್ತು. ಅಲ್ಲಿಗೆ ಕರೆದುಕೊಂಡು ಹೋಗುತ್ತೀರಾ ಎಂದು ಕೇಳುತ್ತಾರೆ. ದಾರಿ ಹೇಳುತ್ತೇನೆ, ನಾನು ಬರುವುದಿಲ್ಲ. ಆ ಮೂರು ರಾತ್ರಿ ಈ ಊರಿನಲ್ಲಿದ್ದವರಿಗೆ ಅದನ್ನು ತೋರಿಸಿ ಹಣ ತೆಗೆದುಕೊಳ್ಳಲು ಕೈ ಬಾರದು. ಅದಿರಲಿ. ಒಳಗೆ ಬಣ್ಣದ ಗಾಜು, ಎತ್ತರದ ಕಂಬ, ಹೊರಗಿನ ಗದ್ದಲ ತಲುಪದ ಮೌನ. 2019ರಲ್ಲಿ ಕಟ್ಟಡ ದುರಸ್ತಿಯಾದಾಗ ನೀಲಿ ಅದರ ಮೊದಲಿನ ಬಣ್ಣವೇ ಅಲ್ಲವೆಂದು ಗೊತ್ತಾಗಿ, ಬಿಳಿ ಬಳಿದು ಅಂಚಿಗೆ ಮಾತ್ರ ಕಡುನೀಲಿ ಉಳಿಸಿದರು. ಸರಿಯೇ ಇರಬೇಕು. ನನಗೆ ಮಾತ್ರ ಹಲ್ಲು ಕಟ್ಟಿಸಿಕೊಂಡ ಅಜ್ಜನನ್ನು ನೋಡಿದ ಹಾಗಾಯಿತು.

ಕಾಲಿನಲ್ಲಿ ಶಕ್ತಿ ಉಳಿದವರನ್ನು ಸಸೂನ್ ಡಾಕಿಗೂ ಕರೆದೊಯ್ಯುವುದುಂಟು, ಆದರೆ ಅದಕ್ಕೆ ಇನ್ನೊಂದು ದಿನ, ನಸುಕಿನಲ್ಲೇ ಏಳಬೇಕು. ಡೇವಿಡ್ಡನ ಮಗ ಆಲ್ಬರ್ಟ್ ಅಬ್ದುಲ್ಲಾ ಸಸೂನ್ 1875ರಲ್ಲಿ ಹತ್ತಿಯ ಹಡಗುಗಳಿಗೆಂದು ಕಟ್ಟಿಸಿದ ಹಡಗುಕಟ್ಟೆ. ಈಗ ಅಲ್ಲಿ ಮೀನು. ಮೀನುಗಾರ ಕೋಳಿ ಸಮುದಾಯದ ಹೆಂಗಸರು ಬುಟ್ಟಿ ಹಿಡಿದು ಹರಾಜಿಗೆ ಕೂಗುತ್ತಾರೆ. ಅವರ ನಡುವೆ ಒಮ್ಮೊಮ್ಮೆ ತುಳು ಕೇಳಿಸುತ್ತದೆ; ನಮ್ಮ ಕರಾವಳಿಯ ಮೊಗವೀರರು ಎಷ್ಟೋ ತಲೆಮಾರುಗಳಿಂದ ಈ ಕಡಲನ್ನು ನಂಬಿ ಬಂದವರು, ಮುಂಬಯಿಯಲ್ಲಿ ಸಂಘ ಕಟ್ಟಿ ರಾತ್ರಿಶಾಲೆ ನಡೆಸಿದವರು. ಬಾಗ್ದಾದಿನವನು ಕಟ್ಟಿದ ಕಟ್ಟೆಯ ಮೇಲೆ ತುಳುವಿನಲ್ಲಿ ಬಂಗುಡೆಯ ಚೌಕಾಸಿ. ಬಾಯ್ಕಳಾದ ಸಸೂನ್ ಶಾಲೆಯಲ್ಲೂ ಇಂಥದೇ ಸಂಗತಿ: ಯಹೂದಿ ಮಕ್ಕಳಿಗೆಂದು ಕಟ್ಟಿದ ಶಾಲೆಯ ಅಂಗಳದಲ್ಲಿ ಈಗ ಆಡುವವರು ಬಹುಪಾಲು ಮುಸ್ಲಿಂ ಮಕ್ಕಳು. ಆ ಶಾಲೆಯ ಪಕ್ಕದಲ್ಲೇ ಸಿನಗಾಗ್, ಅದರ ಅಂಗಳ ಗುಡಿಸುವವರೂ ಗೇಟು ಕಾಯುವವರೂ ನನಗೆ ಕಂಡಂತೆ ಹೆಚ್ಚಾಗಿ ಅದೇ ಮೊಹಲ್ಲಾದವರು.

ಹಾಗಾದರೆ ಅವರೆಲ್ಲ ಎಲ್ಲಿಗೆ ಹೋದರು? ಈ ಪ್ರಶ್ನೆ ಬರದ ಭಾನುವಾರವಿಲ್ಲ. ಅದರ ಹಿಂದೆಯೇ ಇನ್ನೊಂದು: ಇಲ್ಲಿ ಯಾರೂ ಅವರನ್ನು ಹಿಂಸಿಸಲಿಲ್ಲವಲ್ಲ, ಮತ್ತೆ ಯಾಕೆ ಹೋದರು? 1951ರ ಜನಗಣತಿಯಲ್ಲಿ ಈ ದೇಶದಲ್ಲಿ ಯಹೂದಿಗಳು 26 ಸಾವಿರಕ್ಕೂ ಹೆಚ್ಚು ಇದ್ದರು. ಈಗ ಐದು ಸಾವಿರದ ಆಸುಪಾಸು, ಹೆಚ್ಚಿನವರು ಮುಂಬಯಿ ಮತ್ತು ಠಾಣೆಯಲ್ಲಿ. 1948ರಲ್ಲಿ ಇಸ್ರೇಲ್ ಹುಟ್ಟಿತು. ಬ್ರಿಟಿಷರು ಹೋದ ಮೇಲೆ ರೈಲ್ವೆ, ಸುಂಕದ ಕಚೇರಿಗಳಲ್ಲಿ ಅವರಿಗಿದ್ದ ಆಸರೆ ಸಡಿಲವಾಯಿತು. ಮಕ್ಕಳಿಗೆ ಸಂಬಂಧ ಕೂಡಿಬರುವುದು ಕಷ್ಟವಾಯಿತು. ಅಣ್ಣ ಹೋದ, ಅವನ ಹಿಂದೆ ತಂಗಿ ಹೋದಳು, ಆಮೇಲೆ ಮುದುಕರಿಗೆ ಇಲ್ಲಿ ಯಾರಿದ್ದಾರೆ? ನಮ್ಮ ಹಳ್ಳಿಯ ಮನೆಗಳು ಖಾಲಿಯಾದದ್ದು ಯಾರ ಹಿಂಸೆಯಿಂದ ಎಂದು ನಾನು ತಿರುಗಿ ಕೇಳುತ್ತೇನೆ. ಯಾರೂ ಉತ್ತರ ಹೇಳುವುದಿಲ್ಲ.

ಇಸ್ರೇಲಿಗೆ ಹೋದವರಿಗೆ ಹೂವಿನ ಹಾಸಿಗೆ ಏನೂ ಇರಲಿಲ್ಲ. ನೀವು ಪೂರ್ತಿ ಯಹೂದಿಗಳು ಹೌದೋ ಅಲ್ಲವೋ, ಮದುವೆಗೆ ಮುನ್ನ ವಂಶ ತೋರಿಸಿ ಎಂದು ಅಲ್ಲಿನ ಧರ್ಮಗುರುಗಳು ಪಟ್ಟು ಹಿಡಿದರು. ಬೆನೆ ಇಸ್ರೇಲಿಗಳು ಬೀದಿಗಿಳಿದು ಧರಣಿ ಕೂತರು. 1964ರಲ್ಲಿ ಇವರು ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಒಪ್ಪಿಕೊಳ್ಳಬೇಕಾಯಿತು. ಇಲ್ಲಿ ಶನಿವಾರದ ಗಾಣಿಗರು, ಅಲ್ಲಿ ಹಿಂದುಸ್ತಾನದವರು. ಅಲ್ಲಿಂದ ಅವರು ‘ಮಾಯಬೋಲಿ’ ಎಂಬ ಮರಾಠಿ ಪತ್ರಿಕೆಯನ್ನೂ ಹೊರಡಿಸಿದ್ದಾರೆ. ಇಲ್ಲಿ ಉಳಿದವರಿಗೆ ಮಹಾರಾಷ್ಟ್ರ ಸರಕಾರ ಅಲ್ಪಸಂಖ್ಯಾತರೆಂಬ ಮಾನ್ಯತೆ ಕೊಟ್ಟದ್ದು 2016ರಲ್ಲಿ. ಅಲ್ಲಿಯವರೆಗೆ ಅರ್ಜಿಗಳಲ್ಲಿ ಧರ್ಮದ ಕಾಲಮಿನಲ್ಲಿ ಅವರು ‘ಇತರೆ’.

ಕಳೆದ ಚಳಿಗಾಲದ ಹೊತ್ತು ಇಸ್ರೇಲಿನ ಅಶ್ದೋದ್ ಊರಿನಿಂದ ಒಬ್ಬ ಹೆಂಗಸು ಬಂದಿದ್ದರು. ಎಪ್ಪತ್ತು ದಾಟಿದವರು, ಜೊತೆಗೆ ಮೊಮ್ಮಗಳು. ಅಜ್ಜಿಗೆ ಮರಾಠಿ, ಮೊಮ್ಮಗಳಿಗೆ ಹೀಬ್ರೂ ಮತ್ತು ಇಂಗ್ಲಿಷ್, ನಡುವೆ ನಾನು. ಸಿನಗಾಗ್ ಎಲ್ಲ ಬೇಡ, ನಾನು ಹುಟ್ಟಿದ ಖೋಲಿ ತೋರಿಸು ಎಂದರು ಅಜ್ಜಿ. ಆಗ್ರಿಪಾಡಾದ ಒಂದು ಚಾಳು, ಮೂರನೆಯ ಮಾಳಿಗೆ, ಮರದ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ನಿಂತು ಹತ್ತಿದರು. ಬಾಗಿಲು ತೆರೆದವಳು ಉತ್ತರಪ್ರದೇಶದ ಕಡೆಯ ಒಬ್ಬ ಗೃಹಿಣಿ, ಸೊಂಟದಲ್ಲಿ ಮಗು.

ಯಹೂದಿಗಳ ಮನೆಯ ಬಾಗಿಲ ಬಲದ ಚೌಕಟ್ಟಿಗೆ ಮೆಝೂಝಾ ಎಂಬ ಒಂದು ಸಣ್ಣ ಕೊಳವೆ ಬಡಿದಿರುತ್ತಾರೆ. ಒಳಗೆ ಚರ್ಮದ ಹಾಳೆಯಲ್ಲಿ ತೋರಾದ ವಾಕ್ಯ. ಹೋಗುವಾಗ ಬರುವಾಗ ಅದನ್ನು ಬೆರಳಿನಿಂದ ಮುಟ್ಟಿ ಬೆರಳಿಗೆ ಮುತ್ತಿಡುತ್ತಾರೆ. ಮನೆ ಬಿಟ್ಟು ಹೋಗುವಾಗ, ಮುಂದೆ ಬರುವವರು ಯಹೂದಿಗಳಲ್ಲದಿದ್ದರೆ ಕಿತ್ತುಕೊಂಡು ಹೋಗುತ್ತಾರೆ. ಆ ಚೌಕಟ್ಟಿನಲ್ಲಿ ಹಲವು ಪದರ ಹಸಿರು ಬಣ್ಣದ ಅಡಿಯಲ್ಲಿ ಒಂದರ ಕೆಳಗೆ ಒಂದರಂತೆ ಎರಡು ತೂತು ಇದ್ದವು. ಮೇಲಿನ ತೂತಿಗೆ ಒಂದು ಹೊಸ ಮೊಳೆ, ಮೊಳೆಗೆ ಹಾಲಿನ ಪಾಕೀಟಿನ ಚೀಲ.

ನಾನು ಇದೇನೆಂದು ಆಕೆಗೆ ಹಿಂದಿಯಲ್ಲಿ ಹೇಳಿದೆ. “ನಮಗೇನು ಗೊತ್ತು ಭಾಯಿಸಾಬ್, ತೂತು ಮೊದಲೇ ಇತ್ತು, ಹಾಲಿಗೆ ಅನುಕೂಲ ಆಯಿತು” ಎಂದು ಆಕೆ ಗಡಿಬಿಡಿಯಲ್ಲಿ ಚೀಲ ತೆಗೆಯಲು ಹೋದಳು. ಅಜ್ಜಿ ಬೇಡ ಎಂದು ಕೈ ಹಿಡಿದರು. ಕೆಳಗಿನ ತೂತಿನ ಮೇಲೆ ಎರಡು ಬೆರಳಿಟ್ಟು, ಬೆರಳನ್ನು ತುಟಿಗೆ ಒತ್ತಿಕೊಂಡರು. ಆಮೇಲೆ ಚಪ್ಪಲಿ ಕಳಚಿ ಸೀದಾ ಒಳಗೆ ನಡೆದರು, ಬಚ್ಚಲ ಮೋರಿ ಇನ್ನೂ ಅದೇ ಮೂಲೆಯಲ್ಲಿದೆಯೇ ನೋಡುತ್ತೇನೆ ಎನ್ನುತ್ತಾ. ಅದೇ ಮೂಲೆಯಲ್ಲಿತ್ತು. ಮೊಮ್ಮಗಳು ಹೊಸ್ತಿಲಲ್ಲೇ ನಿಂತು ಹಾಲಿನ ಚೀಲದ ಫೋಟೋ ತೆಗೆಯುತ್ತಿದ್ದಳು.